ಅಕ್ಕನಿಗೆ ಹೋದ ಕರಡು

ಪತ್ರ ಬರೆಯುವ ಆ್ಯಪ್‌ಗೆ ಬರೆದದ್ದನ್ನು ತಿದ್ದುವ ಎಡಿಟರ್ ಬೇಕೆಂದಾಗ, ಸಿದ್ಧವಾಗಿ ಸಿಗುವುದನ್ನೇ ತಂದು ಕೂರಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಆ್ಯಪ್ ಕಟ್ಟುತ್ತಿದ್ದ ನಮ್ಮ ಮಹಾಶಯನಿಗೆ ಇನ್ನೊಬ್ಬರು ಬರೆದ ಕೋಡ್ ಎಂದರೆ ಎಂಜಲು. ದಪ್ಪಕ್ಷರ, ಬಣ್ಣ, ಪಟ್ಟಿ, ಎಲ್ಲವನ್ನೂ ತಾನೇ ಮಾಡುತ್ತೇನೆಂದು ಟೊಂಕ ಕಟ್ಟಿದ. ಆ ಭರದಲ್ಲಿ, ಅಕ್ಕ ಕನ್ನಡಕದ ಅಂಗಡಿ ತೆರೆದ ದಿನ ಅತ್ತ ತಲೆಯನ್ನೂ ಹಾಕಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿ ಬೆಳೆಸಿದವಳು ಅವಳೇ. ಮಾತು ಬಿಟ್ಟಳು, ಫೋನ್ ಮಾಡಿದರೆ ಕಟ್ ಮಾಡಿದಳು. ಇವನಿಗೆ ಊಟ ಸೇರದಾಯಿತು.

"ನಿಮ್ಮ ಎಡಿಟರ್‌ನಲ್ಲೇ ತಪ್ಪಾಯ್ತು ಅಂತ ಬರೆದು ಕಳಿಸಿ. ಪರೀಕ್ಷೆ ಮಾಡೋಕೆ ಅಂತ ನಿಮ್ಮಕ್ಕನ ಫೋನಿಗೂ ಹಾಕಿಕೊಟ್ಟಿದ್ದೀರಲ್ಲ," ಎಂದಳು ಹೆಂಡತಿ.

ಕೂತ. ಮೊದಲು 'ತುಂಬಾ ಕೆಲಸ ಇತ್ತು' ಎಂದು ದಪ್ಪಕ್ಷರದಲ್ಲಿ ಹೊಡೆದ. ಕೆಳಗೆ ಚುಕ್ಕಿಯಿಟ್ಟು ಕಾರಣಗಳ ಪಟ್ಟಿ.

ಹೆಂಡತಿ ಹಿಂದಿನಿಂದ ಇಣುಕಿದಳು. "ಇದು ತಪ್ಪೊಪ್ಪಿಗೆನೋ, ಆಫೀಸಿಗೆ ಕೊಡೋ ವರದಿನೋ?"

ಅಳಿಸಿದ. 'ನೀನೂ ನನ್ನ ಮದುವೆಗೆ ತಡವಾಗಿ ಬಂದಿದ್ದೆ' ಎಂದು ಕೆಂಪಕ್ಷರದಲ್ಲಿ ಬರೆದ. ಹೆಂಡತಿ ಕೆಮ್ಮಿದಳು. ಅದನ್ನೂ ಅಳಿಸಿದ. ಅವಳು ಒಳಗೆ ಹೋದ ಮೇಲೆ, 'ನೀನು ಮಾತಾಡದೆ ಇದ್ರೆ, ಮನೆಗೆ ಬಂದ್ರೂ ಮನೆಗೆ ಬಂದ ಹಾಗಾಗಲ್ಲ ಅಕ್ಕ' ಎಂದು ಬರೆದು, ತನಗೆ ತಾನೇ ನಾಚಿ, ಸರಸರನೆ ಅಳಿಸಿದ. ಕೊನೆಗೆ ಉಳಿದದ್ದು 'ಅಕ್ಕ, ತಪ್ಪಾಯಿತು, ಕ್ಷಮಿಸು' ಅಷ್ಟೇ. ಕಳಿಸಿಬಿಟ್ಟ.

ಕಳಿಸಿದ ಮೇಲೆ ನೆನಪಾಯಿತು. ಅಳಿಸಿದ್ದನ್ನು ವಾಪಸ್ ತರುವ ಬಟನ್‌ಗೋಸ್ಕರ ಅವನ ಎಡಿಟರ್ ಯಾವುದನ್ನೂ ನಿಜವಾಗಿ ಅಳಿಸುತ್ತಿರಲಿಲ್ಲ. ಬರೆಯುವವರ ಕಣ್ಣಿಗೆ ಮರೆಮಾಡುತ್ತಿತ್ತು, ಅಷ್ಟೆ. ಕಳಿಸುವಾಗ ಅದನ್ನೆಲ್ಲ ಕಿತ್ತು ಹಾಕುವ ಕೆಲಸವನ್ನು 'ಆಮೇಲೆ ನೋಡೋಣ' ಎಂದು ಬಿಟ್ಟಿದ್ದ. ಅಳಿಸಿದ್ದೆಲ್ಲ ಅಕ್ಕನಿಗೂ ಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಇನ್ನು ಅಕ್ಕ ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂದುಕೊಂಡ.

ಫೋನ್ ಹೊಡೆದುಕೊಂಡಿತು. ಅಕ್ಕ.

"ಮದುವೆಗೆ ತಡವಾಗಿ ಬಂದ್ನಾ ನಾನು? ನಿನ್ನ ಅಂಗಿ ಗುಂಡಿ ಹೊಲೀತಾ ಕೂತಿದ್ದಕ್ಕೇ ಕಣೋ ತಡ ಆಗಿದ್ದು, ಕತ್ತೆ! ಅದಕ್ಕೆ ಕೆಂಪು ಬಣ್ಣ ಬೇರೆ ಬಳಿದಿದ್ದೀಯ!"

"ಅಕ್ಕ, ಅದೆಲ್ಲ ಅಳಿಸಿದ್ದೆ. ಕೊನೇ ಸಾಲು ಮಾತ್ರ ನಿಂಗೆ ಬರಬೇಕಿತ್ತು."

"ಮನೆಗೆ ಬಂದ ಹಾಗಾಗಲ್ಲ ಅಂತ ಬರೆದಿದ್ಯಲ್ಲ, ಅದನ್ನೂ ಅಳಿಸಿದ್ಯಾ?"

"ಹೂಂ."

"ಯಾಕೋ?"

"ನಾಚಿಕೆ ಆಯ್ತು."

ಅತ್ತಲಿಂದ ಮೂಗೊರೆಸಿಕೊಂಡ ಸದ್ದು.

"ಬರೀ ಕೊನೇ ಸಾಲು ಬಂದಿದ್ರೆ ನಾನು ಫೋನ್ ಮಾಡ್ತಾನೇ ಇರಲಿಲ್ಲ," ಎಂದಳು. "ಈಗ ಹೊರಡು. ನೀನು ಬರೋವರೆಗೂ ಅಂಗಡಿ ಬಾಗಿಲು ಹಾಕಲ್ಲ."