ತನಿಯ ಹೊತ್ತಿನ ಕಾಫಿ

ನಮ್ಮ ‘ಎದುರುಮನೆ ಸಂಗೀತ’ ಚಾನೆಲ್ಲಿಗೆ ಇರುವುದು ಒಂದೇ ನಿಯಮ. ಯಾರ ಬಗ್ಗೆ ವೀಡಿಯೊ ಮಾಡುತ್ತೇವೋ ಅವರು ಕೊನೆಯಲ್ಲಿ ಇನ್ನೊಬ್ಬ ಸಂಗೀತಗಾರರ ಹೆಸರು ಹೇಳಬೇಕು, ಆ ಇನ್ನೊಬ್ಬರು ಅವರದೇ ಜಾತಿಯವರಾಗಿರಬಾರದು. ಸಂಗೀತದ ಜಾತಿ, ಗಾಬರಿಯಾಗಬೇಡಿ. ರ‍್ಯಾಪ್ ಮಾಡುವವರು ರ‍್ಯಾಪ್ ಮಾಡುವವರನ್ನೇ ತೋರಿಸುತ್ತಾ ಹೋದರೆ ನಾನು ಉಪ್ಪಾರಪೇಟೆ ಬಿಟ್ಟು ಹೊರಗೆ ಬರುವುದು ಯಾವಾಗ?

ಹೀಗೆ ಒಬ್ಬರ ಬಾಲ ಹಿಡಿದು ಇನ್ನೊಬ್ಬರ ಮನೆಗೆ ಹೋಗುವುದು ನನ್ನ ಕೆಲಸ. ಸಂಬಳದ ಕೆಲಸ ಬೇರೆ ಇದೆ. ಬಸವನಗುಡಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೂತು ದಿನವಿಡೀ ಹುಡುಗರಿಗೆ ‘ಶ್ಶ್’ ಅನ್ನುತ್ತೇನೆ, ಅದರ ಸೇಡನ್ನು ಭಾನುವಾರ ತೀರಿಸಿಕೊಳ್ಳುತ್ತೇನೆ. ಕ್ಯಾಮೆರಾ ನನ್ನ ಗಂಡ ವಂಶಿಯದು. ಅವನು ಮದುವೆ ವೀಡಿಯೊ ತೆಗೆಯುವವನಾದ್ದರಿಂದ ಎದುರಿಗೆ ಸರವೋ ಬಳೆಯೋ ಕಂಡರೆ ಅವನ ಕೈ ತಾನಾಗಿ ಝೂಮ್ ಮಾಡಿಬಿಡುತ್ತದೆ. ಉಪ್ಪಾರಪೇಟೆಯ ಲಾಡ್ಜೊಂದರ ರಿಸೆಪ್ಷನ್ನಿನಲ್ಲಿ ಕೂತು ಕನ್ನಡ ರ‍್ಯಾಪ್ ಬರೆಯುವ ಸತೀಶನ ವೀಡಿಯೊದಲ್ಲಿ ಸತೀಶನಿಗಿಂತ ಅವನ ಕೊರಳ ಚೈನೇ ಹೆಚ್ಚು ಹೊತ್ತು ಇದೆ.

ಸತೀಶ ತೋರಿಸಿದ್ದು ಮಲ್ಲೇಶ್ವರಂ ಹದಿನೈದನೇ ಕ್ರಾಸಿನ ಮುತ್ತುರಾಜನನ್ನು. ಅವನು ಒಂದು ಮೆಟಲ್ ಬ್ಯಾಂಡಿನ ಡ್ರಮ್ಮರ್. ಕಾರು ಶೆಡ್ಡಿನ ಗೋಡೆಗೆಲ್ಲ ಹಳೆಯ ಹಾಸಿಗೆ ಕಟ್ಟಿಕೊಂಡು ಒಳಗೆ ಗುಡುಗು ಸಿಡಿಲು ಎಬ್ಬಿಸುತ್ತಾನೆ, ಹೊರಗೆ ಬಂದು ಪಕ್ಕದ ಮನೆಯವರಿಗೆ ಮೆತ್ತಗಿನ ದನಿಯಲ್ಲಿ ಸಾರಿ ಕೇಳುತ್ತಾನೆ. ಮುಂದಿನ ಹೆಸರು ಹೇಳಪ್ಪಾ ಅಂದರೆ ಅವನು ಯೋಚನೆಯನ್ನೂ ಮಾಡಲಿಲ್ಲ.

“ಚಾಮರಾಜಪೇಟೆ ಧೃತಿ. ಘಟ ನುಡಿಸ್ತಾಳೆ. ನಾನು ಎರಡು ಕೈ ಎರಡು ಕಾಲು ಹಾಕಿ ಒದ್ದಾಡೋದನ್ನ ಅವಳು ಒಂದು ಮಡಕೆ ಇಟ್ಕೊಂಡು ಮಾಡ್ತಾಳೆ ಅಕ್ಕಾ. ಹೋಗಿ ನೋಡಿ, ಆಮೇಲೆ ನನ್ನ ವೀಡಿಯೊ ಡಿಲೀಟ್ ಮಾಡ್ಬಿಡಿ.”

ಡಿಲೀಟ್ ಮಾಡಲಿಲ್ಲ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಧೃತಿ ಮಣ್ಣಿನ ಘಟವನ್ನು ಹೊಟ್ಟೆಗೆ ಒತ್ತಿಕೊಂಡು, ಹಿಂಬದಿಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಅಭ್ಯಾಸ ಮಾಡುತ್ತಿದ್ದಳು. ಹಾಗೆ ಕೂತರೆ ನಾದ ಗೋಡೆಗೆ ಬಡಿದು ನೇರವಾಗಿ ಕಿವಿಗೆ ಬರುತ್ತದಂತೆ. ವಂಶಿಗೆ ಸಿಕ್ಕಿದ್ದು ಅವಳ ಜಡೆ ಮಾತ್ರ. ನನಗೆ ಮಾತ್ರ ಆ ಬೆರಳುಗಳ ಕೆಲಸ ಕೇಳಿಯೇ ತಲೆ ತಿರುಗಿತು. ಇಂಥ ಹುಡುಗಿ ನಮ್ಮ ಮನೆಯಿಂದ ಒಂದು ಆಟೋ ದೂರದಲ್ಲಿ ಇದ್ದಾಳೆ, ಊರಿಗೆ ಸುದ್ದಿಯೇ ಇಲ್ಲ ಎಂದು ಸಿಟ್ಟೂ ಬಂತು. ನನಗೆ ಖುಷಿಯಾದಾಗ ಮೊದಲು ಸಿಟ್ಟೇ ಬರುವುದು.

ಮಾತಿನ ಮಧ್ಯೆ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವಳಿಗೂ ಕೇಳಿದೆ. ನಿಮ್ಮ ಸಂಗೀತವನ್ನು ಇನ್ನೂ ಕೇಳಿರದ ಒಬ್ಬರು ಕೇಳಬೇಕು ಅಂದರೆ ಯಾರು ಕೇಳಬೇಕು? ಸಾಮಾನ್ಯವಾಗಿ ಜನ ಯಾವುದಾದರೂ ಸಿನಿಮಾದವರ ಹೆಸರು ಹೇಳುತ್ತಾರೆ.

“ನಮ್ಮಪ್ಪ,” ಅಂದಳು ಧೃತಿ.

ಅವಳ ಅಪ್ಪ ರಾಮಾನುಜ ಅಡುಗೆ ಕಂಟ್ರಾಕ್ಟರು. ಮದುವೆ ಕಾಲದಲ್ಲಿ ಛತ್ರಗಳಲ್ಲಿರುತ್ತಾರೆ, ರಾಮನವಮಿ ಬಂದರೆ ಬಡಾವಣೆಯ ಸಂಗೀತೋತ್ಸವದ ಚಪ್ಪರದ ಹಿಂದೆ ಕ್ಯಾಂಟೀನು ಇಡುತ್ತಾರೆ. ಧೃತಿ ವರ್ಷಾ ವರ್ಷ ನುಡಿಸುವುದೂ ಅದೇ ಚಪ್ಪರದಲ್ಲಿ. ತಂದೆಗೂ ಮಗಳಿಗೂ ನಡುವೆ ಇರುವುದು ಒಂದು ಬಟ್ಟೆಯ ಪರದೆ.

“ಮತ್ತೆ ಕೇಳಿಲ್ಲ ಅಂದ್ರೆ?”

“ತನಿ ಹೊತ್ತಿಗೆ ಅಪ್ಪನಿಗೆ ರಶ್ಶು,” ಅಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು.

ಕಛೇರಿಗೆ ಹೋಗುವ ಅಭ್ಯಾಸ ಇಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಸಂಜೆಯ ದೊಡ್ಡ ಹಾಡು ಮುಗಿಯುವ ಹೊತ್ತಿಗೆ ಹಾಡುವವರು ಬರೀ ತಾಳ ಹಾಕುತ್ತಾ ಕೂತು ತಾಳವಾದ್ಯದವರಿಗೆ ವೇದಿಕೆ ಬಿಟ್ಟುಕೊಡುತ್ತಾರೆ. ಅದು ತನಿ. ಇಡೀ ಸಂಜೆ ಬೇರೆಯವರ ಹಿಂದೆ ಹಿಂದೆ ನಡೆದವರಿಗೆ ಸಿಗುವ ಸ್ವಂತದ ಸ್ವಲ್ಪ ಹೊತ್ತು. ನಮ್ಮ ರಸಿಕರು ಸರಿಯಾಗಿ ಅದೇ ಹೊತ್ತಿಗೆ ಎದ್ದು ಕಾಫಿಗೆ ಹೋಗುತ್ತಾರೆ. ತಲೆದೂಗುತ್ತಾ ಏಳುತ್ತಾರೆ, ತಲೆದೂಗುತ್ತಾ ನಡೆಯುತ್ತಾರೆ. ತಲೆತಲಾಂತರದ ರೂಢಿಯಾದ್ದರಿಂದ ಯಾರಿಗೂ ನಾಚಿಕೆಯಿಲ್ಲ. ನನಗಂತೂ ಮೈ ಉರಿಯುತ್ತದೆ.

ಮಗಳ ತನಿ ಶುರುವಾದರೆ ಅಪ್ಪನ ಕೌಂಟರಿಗೆ ಜನ ಮುತ್ತಿಕೊಳ್ಳುತ್ತಾರೆ. ಹಿಂದೆ ಸ್ಪೀಕರ್ ಇದೆ, ಆದರೆ ಒಲೆಯ ಭೋರೆಂಬ ಸದ್ದು, ‘ಬೈಟು ಕೊಡಿ, ಸಕ್ಕರೆ ಬೇಡ’ ಎಂಬ ಕೂಗಾಟದಲ್ಲಿ ಮಣ್ಣಿನ ದನಿ ಯಾರಿಗೆ ಕೇಳಿಸಬೇಕು? ಡಿಕಾಕ್ಷನ್ನಿಗೆ ಬೇರೆಯವರು ಕೈ ಹಾಕುವುದನ್ನು ರಾಮಾನುಜರು ಸಹಿಸುವುದಿಲ್ಲ. ಬೇರೆ ಕಡೆ ಅವಳ ಕಛೇರಿ ಇದ್ದರೆ ಅವರು ಯಾವುದೋ ಛತ್ರದಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿರುತ್ತಾರೆ.

“ಈ ಸಲ ಲಾಸ್ಯಾ ಹಾಡ್ತಿದಾಳೆ, ನನ್ನ ಫ್ರೆಂಡು,” ಅಂದಳು ಧೃತಿ. “ಮೃದಂಗ ಬೇಡ, ಘಟ ಒಂದೇ ಸಾಕು ಅಂತ ಹಟ ಹಿಡಿದಿದಾಳೆ. ಪೂರ್ತಿ ತನಿ ನಂದೇ. ಇಂಥದ್ದು ಇನ್ನೊಂದ್ಸಲ ಸಿಗುತ್ತೋ ಇಲ್ವೋ. ಅಪ್ಪ ಒಂದೇ ಒಂದ್ಸಲ ಎದುರಿಗೆ ಕೂತು ಕೇಳಿದ್ರೆ ಸಾಕಿತ್ತು.”

“ಕರೀಬಾರ್ದಾ?”

“ಕರೆಸ್ಕೊಂಡು ಬರೋದು ಬೇರೆ, ತಾನಾಗಿ ಬರೋದು ಬೇರೆ. ನಾನು ಕರೆಯಲ್ಲ. ನೀವೂ ಕರೀಬೇಡಿ, ಮಾತು ಕೊಡಿ.”

ಕರೆಯುವುದಿಲ್ಲ ಎಂದು ಮಾತು ಕೊಟ್ಟೆ. ಜಗಳ ಆಡುವುದಿಲ್ಲ ಎಂದು ಕೊಟ್ಟಿರಲಿಲ್ಲ.

ಮಾರನೆಯ ಭಾನುವಾರ ವಂಶಿಯನ್ನು ಎಳೆದುಕೊಂಡು ಚಪ್ಪರಕ್ಕೆ ಹೋದೆ. ಉತ್ಸವ ಆಗಲೇ ಶುರುವಾಗಿತ್ತು, ಮಧ್ಯಾಹ್ನದ ಹೊತ್ತು ಕುರ್ಚಿಗಳು ಖಾಲಿ ಇದ್ದವು. ಕಾರ್ಯದರ್ಶಿ ಚಕ್ರಪಾಣಿಗಳು ಚಪ್ಪರದ ಬಾಗಿಲಲ್ಲೇ ಸಿಕ್ಕಿ, ಘಟ ಒಂದನ್ನೇ ಇಟ್ಟುಕೊಂಡು ಕಛೇರಿ ಮಾಡುವುದು ಸಂಪ್ರದಾಯವಲ್ಲ, ತನಿ ಹೊತ್ತಿಗೆ ಚಪ್ಪರದಲ್ಲಿ ಕಂಬಗಳಷ್ಟೇ ಉಳಿಯುತ್ತವೆ ಎಂದು ಕೇಳದಿದ್ದರೂ ಭವಿಷ್ಯ ಹೇಳಿದರು. ನಾನು ನಮಸ್ಕಾರ ಮಾಡಿ ಹಿಂದಕ್ಕೆ ಹೋದೆ. ಅಲ್ಲಿ ರಾಮಾನುಜರು ಕೋಸಂಬರಿಗೆ ನೆನೆಹಾಕಿದ ಹೆಸರುಬೇಳೆಯನ್ನು ಬಸಿಯುತ್ತಿದ್ದರು. ತೆಳ್ಳಗಿನ ಮೈ, ಹೆಗಲ ಮೇಲೆ ಟವೆಲ್ಲು, ಹಣೆಯಲ್ಲಿ ಬೆವರಿಗೆ ಅರ್ಧ ಕರಗಿದ ನಾಮ.

“ಧೃತಿ ಬಗ್ಗೆ ವೀಡಿಯೊ ಮಾಡ್ತಿರೋರು ನೀವೇನಾ? ಬನ್ನಿ ಬನ್ನಿ, ಪಾನಕ ಕುಡೀರಿ,” ಎಂದು ಉಪಚಾರ ಶುರು ಮಾಡಿದರು. ಉಪಚಾರ ಮಾಡುವವರ ಜೊತೆ ಜಗಳ ಆಡುವುದು ಕಷ್ಟ. ಪಾನಕ ಬೇರೆ ತುಂಬಾ ಚೆನ್ನಾಗಿತ್ತು. ಲೋಟ ಖಾಲಿ ಮಾಡಿಯೇ ಜಗಳ ತೆಗೆದೆ.

“ನೀವು ಮಗಳ ತನಿ ಕೇಳೇ ಇಲ್ವಂತಲ್ಲ ಸಾರ್.”

“ಯಾರು ಹೇಳಿದ್ದು? ಎಲ್ಲಾ ಗೊತ್ತು ನನಗೆ.” ಅವರು ಜಾಲರಿ ಕೆಳಗಿಟ್ಟರು. “ಮೊದಮೊದಲು ಇವಳು ಘಟ ಮುಟ್ಟಿದ ತಕ್ಷಣ ಜನ ಇಲ್ಲಿಗೆ ನುಗ್ಗೋರು. ಡಿಕಾಕ್ಷನ್ ಇಳಿಯೋಕೂ ಪುರುಸೊತ್ತು ಕೊಡ್ತಿರ್ಲಿಲ್ಲ. ವರ್ಷ ಕಳೀತಾ ಕಳೀತಾ ನಿಧಾನ ಆಗಿದಾರೆ. ಹೋದ ವರ್ಷ ಇವಳ ದಿನ, ಹಾಲು ಕೆನೆ ಕಟ್ಟೋವರೆಗೂ ಕಾದೆ, ಆಮೇಲೆ ಬಂದ್ರು. ಅಂದ್ರೆ ಅಷ್ಟು ಹೊತ್ತು ಕೂರಿಸಿದಾಳೆ ಅಂತ ತಾನೇ? ಬೇರೆಯವರ ತನೀಲಿ ಹಂಗೆ ಕೂರಲ್ಲಮ್ಮ ಜನ.”

ಈ ಮನುಷ್ಯ ಇಷ್ಟು ವರ್ಷ ಮಗಳ ಸಂಗೀತವನ್ನು ಹಾಲಿನ ಕೆನೆಯಲ್ಲಿ ಅಳೆದುಕೊಂಡು ಬಂದಿದ್ದಾರೆ.

“ಪರದೆ ಸರಿಸಿ ಒಂದ್ಸಲ ನೋಡಬಾರ್ದಿತ್ತಾ?”

“ನೋಡಿದೀನಿ, ಮೊದಲನೇ ವರ್ಷ.” ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. “ಅವಳು ಶುರು ಮಾಡಿದ್ಲು, ಸಾಲಿಗೆ ಸಾಲೇ ಎದ್ದು ನಿಂತ್ಕೊಂಡ್ತು. ಮಗು ತಲೆ ಎತ್ತಲೇ ಇಲ್ಲ. ಅವಳ ಎದುರಿಗೆ ಜನ ಎದ್ದು ಹೋಗೋದನ್ನ ನನ್ನ ಕೈಲಿ ನೋಡಕ್ಕಾಗಲ್ಲಮ್ಮ. ಇಲ್ಲಿ ನಿಂತ್ರೆ ಜನ ಬರೋದಷ್ಟೇ ಕಾಣ್ಸುತ್ತೆ.”

ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ನನ್ನ ನಾಲಿಗೆ ಗ್ರಂಥಾಲಯದ ಹೊರಗೆ ನನ್ನ ಮಾತು ಕೇಳುವುದಿಲ್ಲ.

“ಎದ್ದು ಬರೋರಿಗೆ ಕಾಫಿ ಕೊಡ್ತಿರೋರು ಯಾರು ಸಾರ್? ನೀವೇ ತಾನೇ?”

ರಾಮಾನುಜರು ನನ್ನನ್ನೊಮ್ಮೆ ನೋಡಿ ಮತ್ತೆ ಹೆಸರುಬೇಳೆ ಬಸಿಯತೊಡಗಿದರು. ಇನ್ನೊಂದು ಲೋಟ ಪಾನಕ ಬೇಕೇ ಎಂದು ಕೇಳಲಿಲ್ಲ. ಆಟೋ ಚಾಮರಾಜಪೇಟೆ ದಾಟಿದ ಮೇಲೆ ವಂಶಿ, “ಅಡುಗೆಯವರ ಹೊಟ್ಟೆ ಉರಿಸ್ಬಾರ್ದು ಕಣೇ,” ಅಂದ, ಅಷ್ಟೇ. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ.

ಲಾಸ್ಯಾಳ ಕಛೇರಿಯ ಸಂಜೆ ಚಪ್ಪರ ತುಂಬಿತ್ತು. ನಾನು ಹೋಗುವ ಹೊತ್ತಿಗೆ ಮುತ್ತುರಾಜ ತನ್ನ ಬ್ಯಾಂಡಿನ ಸಮೇತ ಬಂದು ಮೂರನೇ ಸಾಲಿನಲ್ಲಿ ಕೂತಿದ್ದ, ಎಲ್ಲರೂ ತಲೆಬುರುಡೆ ಚಿತ್ರದ ಕಪ್ಪು ಟೀಶರ್ಟು, ಕೈಯಲ್ಲಿ ಪಾನಕದ ಲೋಟ. ಸತೀಶನೂ ಲಾಡ್ಜಿಗೆ ರಜೆ ಹಾಕಿ ಬಂದಿದ್ದ. ಅಕ್ಕಪಕ್ಕದ ರೇಷ್ಮೆ ಸೀರೆಗಳು ಒಂದೊಂದು ಕುರ್ಚಿ ದೂರ ಸರಿದಿದ್ದವು. ಧೃತಿಯ ಅಮ್ಮ ಭಾಗೀರಥಮ್ಮ ಮಾತ್ರ ಮುಂದಿನ ಸಾಲಿನಿಂದ ತಿರುಗಿ ಆ ಹುಡುಗರಿಗೆ ತಿನ್ನಲು ಏನೋ ಕೊಡುತ್ತಿದ್ದರು. ನಾನು ವಂಶಿಯ ಜೊತೆ ಹಿಂಭಾಗದಲ್ಲಿ, ಕ್ಯಾಂಟೀನಿನ ದಾರಿಯ ಹತ್ತಿರ ನಿಂತೆ.

ಲಾಸ್ಯಾ ಚೆನ್ನಾಗಿ ಹಾಡಿದಳು. ದೊಡ್ಡ ಹಾಡು ಮುಗಿಯುತ್ತಾ ಬಂದು ಅವಳು ಧೃತಿಯ ಕಡೆಗೆ ಕೈ ತೋರಿಸಿದ್ದೇ ತಡ, ಕುರ್ಚಿಗಳು ಕಿರುಗುಟ್ಟಿದವು. ಮೃದಂಗವಿಲ್ಲದ ತನಿ ಏನು ಕೇಳುವುದು ಎಂದೋ ಏನೋ, ಸಾಲಿಗೆ ಸಾಲೇ ಎದ್ದಿತು. ಧೃತಿ ತಲೆ ತಗ್ಗಿಸಿ ಶುರು ಮಾಡಿದಳು. ಕಪ್ಪು ಟೀಶರ್ಟುಗಳು ಮಾತ್ರ ಅಲುಗಲಿಲ್ಲ.

ಎದ್ದವರು ತಲೆದೂಗುತ್ತಾ ನಮ್ಮನ್ನು ದಾಟಿ ಹಿಂದಕ್ಕೆ ಹೋದರು. ಹೋದವರು ಅಲ್ಲೇ ನಿಂತರು. ಕೌಂಟರಿನ ಮೇಲೆ ಬಟ್ಟೆ ಹೊದಿಸಿತ್ತು. ಒಲೆ ಆರಿತ್ತು. ಲೋಟಗಳು ಬೋರಲಾಗಿ ಕೂತಿದ್ದವು. “ರಾಮಾನುಜ ಎಲ್ರೀ? ಕಾಫಿ ಎಲ್ರೀ?” ಎಂದು ಗುಸುಗುಸು ಎದ್ದಿತು.

ರಾಮಾನುಜ ನನ್ನ ಪಕ್ಕದಲ್ಲೇ ನಿಂತಿದ್ದರು. ಯಾವಾಗ ಬಂದರೋ ನಾನು ನೋಡಿರಲಿಲ್ಲ. ಶುಭ್ರವಾದ ಅಂಗಿ ಹಾಕಿಕೊಂಡಿದ್ದರು, ನಾಮ ಹೊಸದಾಗಿ ಇಟ್ಟಿದ್ದರು. ಟವೆಲ್ಲು ಮಾತ್ರ ಹೆಗಲ ಮೇಲೆಯೇ ಇತ್ತು.

ಚಕ್ರಪಾಣಿಗಳು ಪಂಚೆ ಎತ್ತಿ ಹಿಡಿದು ಧಾವಿಸಿ ಬಂದರು. “ಏನ್ರೀ ಇದು ಅವಾಂತರ? ಜನ ಕಾಯ್ತಿದಾರೆ, ನೀವಿಲ್ಲಿ ನಿಂತಿದೀರಿ!”

“ತನಿ ಮುಗೀಲಿ ಸಾರ್, ಎಲ್ರಿಗೂ ಕೊಡ್ತೀನಿ.”

“ಮುಂದಿನ ವರ್ಷ ಕ್ಯಾಂಟೀನು ನಿಮಗೆ ಸಿಗಲ್ಲ, ನೋಡ್ತಿರಿ!”

“ಆಗ್ಲಿ ಸಾರ್. ಈಗ ಸ್ವಲ್ಪ ಸುಮ್ನಿರಿ. ಮಗಳು ನುಡಿಸ್ತಿದಾಳೆ.”

ರಾಮಾನುಜರು ಚಕ್ರಪಾಣಿಗಳ ಕಡೆ ತಿರುಗಲೂ ಇಲ್ಲ. ಅವರ ಬಲಗೈ ಪಂಚೆಯ ಮೇಲೆ ತಾಳ ಹಾಕುತ್ತಿತ್ತು. ಚಕ್ರಪಾಣಿಗಳು, ಏನನ್ನಿಸಿತೋ, ಒಂದು ಖಾಲಿ ಕುರ್ಚಿ ನೋಡಿ ಕೂತರು.

ಕಾಫಿ ಸಿಗದವರು ಇನ್ನೆಲ್ಲಿಗೆ ಹೋಗುತ್ತಾರೆ? ಒಬ್ಬೊಬ್ಬರಾಗಿ ವಾಪಸ್ಸು ಬಂದು ಗೊಣಗುತ್ತಾ ಕೂತರು. ಕುರ್ಚಿಗಳ ಸದ್ದಿಗೆ ಧೃತಿ ತಲೆ ಎತ್ತಿದಳು. ತನಿಯ ಮಧ್ಯದಲ್ಲಿ ಜನ ಹಿಂತಿರುಗಿ ಬರುವುದನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅವಳ ಮುಖದಲ್ಲಿ ನಿಧಾನವಾಗಿ ಒಂದು ನಗು ಬಂತು, ಆಮೇಲೆ ಹೋಗಲೇ ಇಲ್ಲ. ಬೆರಳುಗಳಿಗೆ ಎಲ್ಲಿಂದ ಬಂತೋ ಆ ಧೈರ್ಯ. ಅವಳು ಲಯವನ್ನು ಮುರಿದಳು, ಕಟ್ಟಿದಳು, ಜನ ತಪ್ಪಿಹೋಯಿತು ಅಂದುಕೊಂಡ ಹೊತ್ತಿಗೆ ಸರಿಯಾದ ಜಾಗಕ್ಕೆ ತಂದು ಇಳಿಸಿದಳು. ಗೊಣಗುತ್ತಿದ್ದವರ ಕೈಗಳು ತೊಡೆಯ ಮೇಲೆ ಬಿದ್ದವು. ಸತೀಶ ತಡೆಯಲಾರದೆ ಒಂದು ಶಿಳ್ಳೆ ಹಾಕಿಯೇಬಿಟ್ಟ. ಆ ಸಂಜೆ ವಂಶಿಯ ಕ್ಯಾಮೆರಾ ಯಾವ ಸರಕ್ಕೂ ಯಾವ ಬಳೆಗೂ ಹೋಗಲಿಲ್ಲ, ಆ ನಗುವಿನ ಮೇಲೆ ನಿಂತದ್ದು ಅಲ್ಲೇ ನಿಂತಿತು.

ತನಿ ಮುಗಿದು ಚಪ್ಪಾಳೆ ಎದ್ದಾಗ ಪಕ್ಕಕ್ಕೆ ತಿರುಗಿದೆ. ರಾಮಾನುಜರು ಇರಲಿಲ್ಲ. ಪರದೆ ಅಲುಗುತ್ತಿತ್ತು.

ತನಿಯ ಬೆನ್ನಿಗೇ ಮಂಗಳ ಹಾಡಿ ಕಛೇರಿ ಮುಗಿಸಿದರು. ಧೃತಿ ಘಟವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡು ಹಿಂದಕ್ಕೆ ಬಂದಳು. “ಅಕ್ಷಯಾ, ನೋಡಿದ್ರಾ? ಜನ ವಾಪಸ್ ಬಂದ್ರು!” ಎಂದು ನನಗೆ ಹೇಳುತ್ತಲೇ ಕ್ಯಾಂಟೀನಿನೊಳಗೆ ನುಗ್ಗಿದಳು. “ಅಪ್ಪಾ, ಒಂದು ಕಾಫಿ ಕೊಡು.”

“ಇರು, ಒಲೆ ಹಚ್ಬೇಕು ಇನ್ನೂ.”

ಧೃತಿ ಬೋರಲು ಲೋಟಗಳನ್ನು ನೋಡಿದಳು. ದಪ್ಪ ಕೆನೆ ಕಟ್ಟಿ ತಣ್ಣಗಾಗಿದ್ದ ಹಾಲಿನ ಪಾತ್ರೆಯನ್ನು ನೋಡಿದಳು. ಅಪ್ಪನ ಶುಭ್ರವಾದ ಅಂಗಿ ನೋಡಿದಳು.

“ಎಲ್ಲಿ ಹೋಗಿದ್ದೆ ಅಪ್ಪಾ?”

ರಾಮಾನುಜರು ಬೆಂಕಿಪೊಟ್ಟಣ ಹುಡುಕುವವರಂತೆ ಆಚೆ ಈಚೆ ಕೈಯಾಡಿಸಿದರು. ಅದು ಅವರ ಕೈಯಲ್ಲೇ ಇತ್ತು.

“ನುಡಿಸ್ತಾ ನುಡಿಸ್ತಾ ನೀನು ನಗ್ತೀಯಾ ಅಂತ ನನಗೆ ಯಾಕೇ ಹೇಳ್ಲಿಲ್ಲ?” ಅಂದರು. “ಇಷ್ಟು ವರ್ಷ ಮನೇಲಿ ನಿನ್ನ ಜಡೆ ಒಂದೇ ನೋಡ್ಕೊಂಡಿದ್ದೆ.”

ಧೃತಿ ಮೊದಲು ಘಟವನ್ನು ಭದ್ರವಾಗಿ ಅಕ್ಕಿ ಮೂಟೆಗೆ ಒರಗಿಸಿ ಇಟ್ಟಳು. ಆಮೇಲೆ ಅಪ್ಪನ ಹೆಗಲ ಟವೆಲ್ಲಿಗೆ ಮುಖ ಒತ್ತಿ ಅತ್ತಳು. ಆಫ್ ಮಾಡು ಎಂದು ಹೇಳಲು ವಂಶಿಯ ಕಡೆ ತಿರುಗಿದೆ. ಅವನು ಆಗಲೇ ಕ್ಯಾಮೆರಾ ಮುಚ್ಚಿ ಬ್ಯಾಗಿಗೆ ಹಾಕಿದ್ದ.

ಕೌಂಟರಿನ ಆಚೆ ಜನ ಸೇರಿದ್ದರು, ಎಲ್ಲರಿಗಿಂತ ಮುಂದೆ ಚಕ್ರಪಾಣಿಗಳು. “ಈಗಾದ್ರೂ ಕೊಡ್ತೀರೇನ್ರೀ ಕಾಫಿ?” ಎಂದು ಕೇಳಿದವರು, ಒಳಗೆ ಅಪ್ಪ ಮಗಳನ್ನು ನೋಡಿ, “ನಿಧಾನಕ್ಕೆ ಆಗ್ಲಿ ಬಿಡಿ,” ಅಂದರು.

ರಾಮಾನುಜರು ಮಗಳನ್ನು ತೋಳಿನಲ್ಲಿ ಒತ್ತಿ ಹಿಡಿದುಕೊಂಡೇ ಒಲೆ ಹಚ್ಚಿದರು.