ತಾಯಿಯ ಕಪ್ಪು ಮುಸುಕು

ಕಾರಿಂಗ್ ಸೂಜಿಗೆ ದಾರ ಪೋಣಿಸಿ ಗಂಟು ಹಾಕುವುದಕ್ಕೂ ಸೆಬ್ಯಾ ಅಜ್ಜಿ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ಪವಿತ್ರ ಶನಿವಾರದ ಮಧ್ಯಾಹ್ನ. ಬಿಸಿಲಿಗೆ ತಗಡಿನ ಮಾಡು ಟಕ್ ಟಕ್ ಎನ್ನುತ್ತಿತ್ತು. ಊಟದ ಮೇಜನ್ನು ಗೋಡೆಗೆ ಸರಿಸಿ ಮಾಡಿಕೊಂಡ ಜಾಗದಲ್ಲಿ ಯೇಸುವಿನ ತಾಯಿ ವ್ಯಾಕುಲ ಮಾತೆಯ ಆಳೆತ್ತರದ ಮರದ ಪ್ರತಿಮೆ ನಿಂತಿತ್ತು. ಶುಭ ಶುಕ್ರವಾರದ ಮೆರವಣಿಗೆಗೆ ತೊಡಿಸಿದ್ದ ಕಪ್ಪು ನಿಲುವಂಗಿಯನ್ನು ಕಳಚಿ, ಕಾರಿಂಗ್ ಆಗಲೇ ಬಿಳಿಯದನ್ನು ತೊಡಿಸಿ ಮುಗಿಸಿದ್ದಳು. ಉಳಿದದ್ದು ತಲೆಗೆ ಕಪ್ಪು ಮುಸುಕು ಹೊದಿಸುವುದು ಮಾತ್ರ.

"ಬಾಗಿಲು ತೆಗಿಯೇ, ನಾನು ಗಂಡಸಲ್ಲ," ಎಂದಳು ಅಜ್ಜಿ ಹೊರಗಿನಿಂದ.

ಮಾತೆಗೆ ಬಟ್ಟೆ ತೊಡಿಸುವಾಗ ಗಂಡಸರು ಒಳಗಿರುವಂತಿಲ್ಲ. ಪ್ರತಿಮೆ ಕಾರಿಂಗಳ ಸ್ವಂತ ಅಜ್ಜಿಯ ಕಾಲದಿಂದ ಈ ಮನೆಯದೇ. ವರ್ಷವಿಡೀ ಮನೆಯಲ್ಲಿದ್ದು, ಹಬ್ಬದ ವಾರದಲ್ಲಷ್ಟೇ ಊರಿನದಾಗುತ್ತದೆ. ಕಾರಿಂಗಳ ಗಂಡ ತಾಸ್ಯೊ ಮದುವೆಯಾದಂದಿನಿಂದ ಈ ದಿನ ಮಾವಿನ ಮರದ ಕೆಳಗೆ ಕೂತು ಬಲೆ ತೇಪೆ ಹಾಕುತ್ತಾ ಹೊತ್ತು ಕಳೆಯುತ್ತಾನೆ. ಈಗಲೂ ಅಲ್ಲೇ ಇದ್ದ.

ಅಜ್ಜಿ ಒಳಗೆ ಬಂದು, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬನ್ನು ಮೇಜಿನ ಮೇಲಿಟ್ಟು, ಮಾತೆಯ ಕಾಲು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡಳು. ಊರಿನ ಜಪಸರದ ಹೆಂಗಸರಿಗೆಲ್ಲ ಅವಳೇ ಮುಂದಾಳು. ಹಲ್ಲು ಹೋಗಿದ್ದರೂ ನಾಲಿಗೆ ಮೊಂಡಾಗಿರಲಿಲ್ಲ.

"ನನ್ನ ಮರಿಮಗಳು ತ್ರೀನಾ ಕಥೆ ಕೇಳ್ಬೇಡ. ನಾಳೆ ತಾನೇ ದೇವದೂತೆ ಅಂತ ಗೊತ್ತಾದಾಗಿನಿಂದ ನೆಲದ ಮೇಲೆ ನಿಲ್ತಿಲ್ಲ. ಬೆಳಿಗ್ಗೆಯಿಂದ ರೆಕ್ಕೆ ಬಿಚ್ಚಿಲ್ಲ. ರೆಕ್ಕೆ ಕಟ್ಕೊಂಡೇ ಕಕ್ಕಸಿಗೆ ಹೋಗ್ತಾಳೆ."

ಕಾರಿಂಗ್ ನಕ್ಕಳು. ನಗು ಬಂದದ್ದು ಅವಳಿಗೇ ಹೊಸದೆನಿಸಿತು.

"ಮುಸುಕು ಸಡಿಲ ಇರ್ಲಿ, ಆಯ್ತಾ? ಎರಡೇ ಎರಡು ಹೊಲಿಗೆ," ಎಂದು ಅಜ್ಜಿ ಮಾತೆಯ ತಲೆಯತ್ತ ಕೈ ತೋರಿಸಿದಳು. "ಏಳು ವರ್ಷದ ಕೂಸಿನ ಕೈ. ಲೂದಿಂಗ್ ಕಾಲದಲ್ಲಿ ಆದದ್ದು ಗೊತ್ತಲ್ಲ."

ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ. ಹಬ್ಬದ ನಸುಕಿನಲ್ಲಿ ದೇವದೂತೆಯಾದ ಮಗು ಬಿದಿರಿನ ಕಮಾನಿನಿಂದ ಇಳಿದು ಬಂದು ಮಾತೆಯ ಕಪ್ಪು ಮುಸುಕನ್ನು ಎತ್ತಬೇಕು. ಆಗ ಸಾವಿನಿಂದ ಎದ್ದು ಬಂದ ಮಗನನ್ನು ಮಾತೆ ಎದುರುಗೊಳ್ಳುತ್ತಾಳೆ. ಲೂದಿಂಗ್ ದೇವದೂತೆಯಾದ ವರ್ಷ ಮುಸುಕು ಕಿರೀಟಕ್ಕೆ ಸಿಕ್ಕಿಕೊಂಡು ಬರಲೇ ಇಲ್ಲ. ಆ ವರ್ಷದ ಬಿರುಗಾಳಿಗೆ ತೆಂಗಿನ ತೋಟಗಳು ಮಲಗಿದವು. ಬಿರುಗಾಳಿ ಪ್ರತಿ ವರ್ಷವೂ ಬರುತ್ತದೆ, ಅದನ್ನು ಯಾರು ಕೇಳಬೇಕು? ಲೂದಿಂಗ್ ಈಗ ಬೆಳ್ಳಿಕೂದಲಿನ ಹೆಂಗಸು. ಇಂದಿಗೂ ದೋಣಿ ನೀರಿಗಿಳಿಸುವಾಗ ಅವಳು ಎದುರಾದರೆ ಗಂಡಸರು ಮುಖ ಸಿಂಡರಿಸುತ್ತಾರೆ.

"ಜಪಸರಕ್ಕೆ ಬರಲ್ಲ, ಪಾಪನಿವೇದನೆಗೂ ಬರ್ಲಿಲ್ಲ," ಎಂದಳು ಅಜ್ಜಿ, ಬಂದ ವಿಷಯಕ್ಕೆ ಬರುತ್ತಾ.

"ಬಟ್ಟೆ ತೊಡಿಸ್ತಿದೀನಲ್ಲ, ಸಾಲದಾ?"

"ಬಟ್ಟೆ ತೊಡಿಸೋದಕ್ಕೆ ಜವಳಿ ಅಂಗಡಿಯವನೂ ಸಾಕು. ಅವನೂ ಗೊಂಬೆಗೆ ತೊಡಿಸ್ತಾನೆ."

ಕಾರಿಂಗ್ ಮುಸುಕಿನ ಮಡಿಕೆ ಬಿಡಿಸತೊಡಗಿದಳು. ಅಜ್ಜಿ ದನಿ ತಗ್ಗಿಸಿದಳು.

"ನಾನೂ ಮಕ್ಕಳನ್ನ ಮಣ್ಣಿಗೆ ಹಾಕಿದೋಳೇ ಕಣೇ."

"ಕೋಪ ಬರ್ಲಿಲ್ವಾ ಅಜ್ಜಿ ನಿಮಗೆ?"

"ಬರದೇ ಏನು? ಈಗ್ಲೂ ಬೈತೀನಿ. ಪೂಜೆ ನಡೀತಿರುವಾಗ್ಲೇ ಬೈತೀನಿ. ಫಾದರ್ ನಾನು ಜಪ ಮಾಡ್ತಿದೀನಿ ಅನ್ಕೋತಾರೆ, ಪಾಪ." ಅವಳು ಬಾಗಿಲಿನತ್ತ ತಿರುಗಿದಳು. "ಬೈಯೋದಕ್ಕಾದ್ರೂ ನಾನು ಹೋಗ್ತೀನಿ. ನೀನು ಮಾತೇ ಬಿಟ್ಟಿದೀಯ."

ಅದು ನಿಜವಾಗಿತ್ತು. ನವೆಂಬರಿನಿಂದ ಕಾರಿಂಗ್ ದೇವರ ಜೊತೆ ಮಾತು ಬಿಟ್ಟಿದ್ದಳು.

ನವೆಂಬರಿನ ಬಿರುಗಾಳಿಯ ದಿನ ಹೊಳೆ ಊರೊಳಗೆ ನುಗ್ಗಿದಾಗ ಅವಳನ್ನೂ ತಾಸ್ಯೊನನ್ನೂ ಚರ್ಚಿನ ಮಹಡಿಗೆ ಸೇರಿಸಿದವನು ಮಗ ರೋಡೆಲ್. ಆಮೇಲೆ ಯಾರೂ ಹೇಳದೆ, ಯಾರ ಮಾತೂ ಕೇಳದೆ, ಎದೆಯುದ್ದದ ನೀರಿನಲ್ಲಿ ಮತ್ತೆ ಮನೆಗೆ ಹೋದ. ಬರುವಾಗ ಹೆಗಲ ಮೇಲೆ ಮಾತೆ. ಮೆಟ್ಟಿಲ ಮೇಲೆ ಅವಳನ್ನು ಇಳಿಸಿ, ಏದುಸಿರು ಬಿಡುತ್ತಾ ನಕ್ಕಿದ್ದ. "ಅಮ್ಮಾ, ನಿಮ್ಮ ಅಜ್ಜಿ ಕಾಲದಿಂದ್ಲೂ ಇವಳಿಗೆ ಊಟ ಜಾಸ್ತಿ ಹಾಕಿದೀರಿ ನೀವು. ಏನು ಭಾರ!" ಅವನ ಪಾದದಲ್ಲಿ ತಗಡು ತಾಗಿದ ಗಾಯವೊಂದಿತ್ತು. ಅದನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನೀರು ಇಳಿದ ಮೇಲೆ ಜ್ವರ ಬಂತು, ಕಣ್ಣು ಹಳದಿಯಾಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಇಲಿಜ್ವರ ಎಂದರು, ಮೂತ್ರಪಿಂಡ ನಿಂತಿದೆ ಎಂದರು. ಕಾರಿಂಗ್ ಆ ದಿನಗಳಲ್ಲಿ ಬೇಡಿದ ಹಾಗೆ ಹುಟ್ಟಿದಾಗಿನಿಂದ ಬೇಡಿರಲಿಲ್ಲ. ಮಾತೆಯ ಕಾಲು ಹಿಡಿದು ಬೇಡಿದಳು, ಹರಕೆ ಹೊತ್ತಳು, ನನ್ನನ್ನು ಕರೆದುಕೋ ಎಂದಳು. ರೋಡೆಲ್ ಹೋದ. ಅವನಿಗೆ ಇಪ್ಪತ್ತೆರಡು.

ಹೊತ್ತು ತಂದವನನ್ನು ಮಾತೆಗೆ ಕಾಯಲಾಗದೆ ಹೋಯಿತಲ್ಲ ಎಂಬ ಒಂದೇ ಯೋಚನೆ ಅವಳ ಎದೆಯಲ್ಲಿ ಕೂತಿತ್ತು. ತಾಸ್ಯೊನಿಗೆ ಹೇಳಿದರೆ ಅವನು ಜಪಸರ ಹಿಡಿದು ಹೊರಗೆ ಹೋಗುತ್ತಿದ್ದ. ಅವನು ಹೇಗೆ ಇನ್ನೂ ನಂಬುತ್ತಾನೆ ಎಂದು ಅವಳಿಗೆ ಸಿಟ್ಟು. ಹೇಗೆ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಸೆಬ್ಯಾ ಅಜ್ಜಿ ಹೋದ ಮೇಲೆ ಕಾರಿಂಗ್ ಬಾಗಿಲ ಚಿಲಕ ಹಾಕಿದಳು. ಸ್ಟೂಲಿನ ಮೇಲೆ ಹತ್ತಿ, ಕಪ್ಪು ಮುಸುಕನ್ನು ಮಾತೆಯ ತಲೆಯ ಮೇಲೆ ಹರಡಿ, ಎರಡು ಹೊಲಿಗೆ ಹಾಕಿದಳು. ದಾರ ಕತ್ತರಿಸಬೇಕಾಗಿತ್ತು. ಕತ್ತರಿಸಲಿಲ್ಲ. ತಾನು ಉಟ್ಟಿದ್ದ ಕಪ್ಪು ಬಟ್ಟೆಯ ಮೇಲೆ ಅವಳ ಕಣ್ಣು ಬಿತ್ತು. ಮಗ ಹೋಗಿ ವರ್ಷ ತುಂಬುವವರೆಗೆ ಅವಳು ಅದನ್ನು ಬಿಡುವಂತಿಲ್ಲ. ಈ ಮಾತೆಗಾದರೆ ಮೂರನೇ ದಿನಕ್ಕೇ ಬಿಡುಗಡೆ. ನಾಳೆ ಬೆಳಗಾಗುವುದರೊಳಗೆ ಇವಳ ಮಗ ಎದ್ದು ಬರುತ್ತಾನೆ, ಬ್ಯಾಂಡು ಮೊಳಗುತ್ತದೆ, ಇವಳು ಬಿಳಿ ಬಟ್ಟೆಯಲ್ಲಿ ಹೊರಟುಬಿಡುತ್ತಾಳೆ. ಊರಲ್ಲಿ ಕಪ್ಪು ಬಟ್ಟೆಯ ತಾಯಿ ಅಂತ ಆಗ ಒಬ್ಬಳೇ ಉಳಿಯುತ್ತಾಳೆ.

ಅವಳ ಕೈ ತಾನಾಗಿಯೇ ಮುಂದುವರಿಯಿತು. ಇಮ್ಮಡಿ ದಾರದಲ್ಲಿ, ಮುಸುಕಿನ ಅಂಚನ್ನು ಮಾತೆಯ ಟೋಪನ್ ಕೂದಲಿಗೆ, ಹಣೆಯ ಈ ತುದಿಯಿಂದ ಆ ತುದಿಯವರೆಗೆ ಒತ್ತೊತ್ತಾಗಿ ಹೊಲಿದಳು. ಅದರಲ್ಲಿ ಹಗೆ ಇತ್ತೋ, ಜೊತೆ ಬೇಕೆಂಬ ಆಸೆ ಇತ್ತೋ, ಅವಳನ್ನು ಕೇಳಿದ್ದರೆ ಹೇಳುತ್ತಿರಲಿಲ್ಲ. ಕಣ್ಣೀರು ಮಾತ್ರ ಸುರಿಯುತ್ತಿತ್ತು.

ಮರುದಿನ ನಸುಕಿನಲ್ಲಿ ಊರು ಎರಡಾಯಿತು. ಗಂಡಸರು ಎದ್ದು ಬಂದ ಯೇಸುವಿನ ಪ್ರತಿಮೆಯನ್ನು ಹೆಗಲ ಮೇಲೆ ಹೊತ್ತು ಕಡಲ ದಾರಿಯಿಂದ ಹೊರಟರು. ಹೆಂಗಸರು ಮಾತೆಯನ್ನು ಹೂವಿನ ಬಂಡಿಯಲ್ಲಿ ನಿಲ್ಲಿಸಿ ಸಂತೆ ದಾರಿಯಿಂದ ಹೊರಟರು. ಎರಡೂ ಬಂದು ಸೇರಬೇಕಾದದ್ದು ಚರ್ಚಿನ ಮುಂದಿನ ಕಮಾನಿನ ಕೆಳಗೆ. ಕಾರಿಂಗ್ ಬಂಡಿಯ ಪಕ್ಕದಲ್ಲೇ ನಡೆದಳು, ಅದು ಆ ಮನೆಯವರ ಜಾಗ. ಮೇಣದಬತ್ತಿ ಹಿಡಿದವಳು ಒಮ್ಮೆಯೂ ಮಾತೆಯತ್ತ ತಲೆಯೆತ್ತಲಿಲ್ಲ. ನೋಡಿದವರು ಪಾಪ, ಮಗ ಹೋದ ಮೇಲೆ ಮೊದಲ ಹಬ್ಬ ಎಂದುಕೊಂಡರು.

ಕಮಾನಿನ ಕೆಳಗೆ ಬಂಡಿ ನಿಂತಿತು. ಗಂಡಸರ ಮೆರವಣಿಗೆ ಎದುರಿಗೆ ಸ್ವಲ್ಪ ದೂರದಲ್ಲಿ ನಿಂತು ಕಾಯುತ್ತಿತ್ತು. ಮೇಲಿನಿಂದ ಸೊಂಟಕ್ಕೆ ಪಟ್ಟಿ ಕಟ್ಟಿದ ತ್ರೀನಾಳನ್ನು ಹಗ್ಗದಲ್ಲಿ ನಿಧಾನವಾಗಿ ಇಳಿಸಿದರು. ಒಂದು ರೆಕ್ಕೆ ಆಗಲೇ ಸೊಟ್ಟಗಾಗಿತ್ತು. ಕೆಳಗೆ ಹುಡುಗಿಯರು ಹಾಡಿದರು. ಹಾಡು ಮುಗಿಯುವ ಹೊತ್ತಿಗೆ ತ್ರೀನಾ ಎರಡೂ ಕೈಯಲ್ಲಿ ಮುಸುಕು ಹಿಡಿದು ಮೇಲಕ್ಕೆ ಎಳೆದಳು.

ಬರಲಿಲ್ಲ.

ಜನ ಕತ್ತು ಚಾಚಿದರು. ಹುಡುಗಿಯರು ಕೊನೆಯ ಸಾಲನ್ನೇ ಮತ್ತೆ ಹಾಡಿದರು. ತ್ರೀನಾ ತುಟಿ ಕಚ್ಚಿ ಇನ್ನೂ ಜೋರಾಗಿ ಎಳೆದಳು. ಮಾತೆಯ ತಲೆಗೂದಲು ಮುಸುಕಿನ ಜೊತೆಗೇ ಮೇಲೆದ್ದು, ಒಂದು ಕಡೆಗೆ ವಾಲಿತು.

"ಕಾರಿಂಗ್ ದೊಡ್ಡಮ್ಮಾ, ಕೂದಲೂ ಬರ್ತಿದೆ!" ಎಂದು ಮಗು ಗಾಳಿಯಲ್ಲಿ ನೇತಾಡುತ್ತಾ ಕೂಗಿತು.

ಯಾರೋ ಕಿಸಕ್ಕನೆ ನಕ್ಕರು. ನಗು ಅಲ್ಲೇ ಅಡಗಿತು. ಆಮೇಲೆ ಪಿಸುಮಾತು ಶುರುವಾಯಿತು. ಈ ವರ್ಷ ಏನು ಕಾದಿದೆಯೋ ಎಂದಿತು ಒಂದು ದನಿ. ಇನ್ನೊಂದು ದನಿ ಅಷ್ಟು ಮೆಲ್ಲಗಿರಲಿಲ್ಲ: "ಹುಡುಗಿ ಕೈಗುಣ. ಬೇರೆ ಮಗು ಸಿಗಲಿಲ್ವಾ ಇವರಿಗೆ?"

ತ್ರೀನಾ ಅದನ್ನು ಕೇಳಿಸಿಕೊಂಡಳು. ಮುಸುಕು ಬಿಟ್ಟು, ತನ್ನ ಕೈಗಳನ್ನೇ ಒಮ್ಮೆ ನೋಡಿಕೊಂಡಳು. "ನಾನೇನೂ ಮಾಡಿಲ್ಲ," ಎಂದಳು. ಅಳುತ್ತಾ, ಯಾರಿಗೆ ಹೇಳಬೇಕೆಂದು ತಿಳಿಯದೆ, ಮತ್ತೆ ಅದನ್ನೇ ಹೇಳಿದಳು. "ನಾನೇನೂ ಮಾಡಿಲ್ಲ."

ಕಾರಿಂಗ್ ತಲೆಯೆತ್ತಿ ಆ ಪುಟ್ಟ ಕೈಗಳನ್ನು ನೋಡಿದಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳೂ ಇದೇ ಮಾತನ್ನು ಗೋಡೆಗೆ ಹೇಳಿದ್ದಳು. ಹೊಲಿಯುವಾಗ ಅವಳ ಮನಸ್ಸಿಗೆ ಮಾತೆ ಕಂಡಿದ್ದಳು, ದೇವರು ಕಂಡಿದ್ದ, ತನ್ನ ಮಗ ಕಂಡಿದ್ದ. ಈ ಹಲ್ಲು ಬಿದ್ದ ಕೂಸು ಒಂದು ಸಲವೂ ಕಂಡಿರಲಿಲ್ಲ. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತ್ರೀನಾ ಮುದುಕಿಯಾದರೂ ದೋಣಿಯ ಗಂಡಸರು ಅವಳನ್ನು ಕಂಡು ಮುಖ ಸಿಂಡರಿಸುತ್ತಲೇ ಇರುತ್ತಾರೆ.

ಅವಳು ಮೇಣದಬತ್ತಿಯನ್ನು ಪಕ್ಕದವಳ ಕೈಗೆ ತುರುಕಿ, ಹೂವುಗಳನ್ನು ತುಳಿದುಕೊಂಡೇ ಬಂಡಿಯ ಮೇಲೆ ಹತ್ತಿದಳು.

"ಅಳಬೇಡ ಪುಟ್ಟಿ. ನಿನ್ನ ಕೈ ಚೆನ್ನಾಗಿದೆ," ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ತಪ್ಪು ನಂದು. ಹೊಲಿದಿರೋಳು ನಾನು."

ಕತ್ತರಿ ಇರಲಿಲ್ಲ. ಒಂದು ಕೈಯಲ್ಲಿ ಮಾತೆಯ ಕತ್ತನ್ನು ಬಳಸಿ ಹಿಡಿದು, ವಾಲಿದ ಕೂದಲನ್ನು ಸರಿಮಾಡಿ, ಅವಳು ಹಣೆಗೆ ಬಾಯಿ ಹಚ್ಚಿದಳು. ಮರಕ್ಕೆ ಹಳೆಯ ಬಣ್ಣದ ವಾಸನೆ, ಒಂದಿಷ್ಟು ಹೊಳೆಯ ಕೆಸರಿನ ವಾಸನೆಯೂ ಇತ್ತು. ಎಷ್ಟು ಒರೆಸಿದರೂ ಅದು ಹೋಗಿರಲಿಲ್ಲ. ಹಲ್ಲಿನಿಂದ ಮೊದಲ ಹೊಲಿಗೆ ಕಚ್ಚಿದಳು. ಎರಡನೆಯದು. ತಾನೇ ಬಿಗಿದ ದಾರ, ಸುಲಭಕ್ಕೆ ತುಂಡಾಗಲಿಲ್ಲ. ಕೆಳಗಿನವರಿಗೆ ಅವಳು ಮಾತೆಯ ಹಣೆಗೆ ಮುತ್ತಿಡುವಂತೆ ಕಂಡಿತು. ಕೆಲವು ಹೆಂಗಸರು ಬಿಕ್ಕತೊಡಗಿದರು. ಸೆಬ್ಯಾ ಅಜ್ಜಿ ಮಾತ್ರ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ತಿರುಗಿ ಹುಡುಗಿಯರನ್ನು ಗದರಿದಳು: "ಬಾಯಿ ಬಿಟ್ಕೊಂಡು ಏನು ನೋಡ್ತೀರಿ? ಹಾಡ್ರೇ!"

ಹಾಡಿನ ಸದ್ದಿನಲ್ಲಿ ಕಾರಿಂಗಳ ಮಾತು ಬೇರೆ ಯಾರಿಗೂ ಕೇಳಿಸಲಿಲ್ಲ.

"ಬಂದಿದಾನೆ ನಿನ್ನ ಮಗ," ಎಂದಳು, ದಾರದ ಚೂರು ಉಗಿಯುತ್ತಾ. ಅಷ್ಟು ತಿಂಗಳ ಮೇಲೆ ಅವಳು ಮಾತೆಗೆ ಆಡಿದ ಮೊದಲ ಮಾತು. "ನನ್ನವನು ಬರ್ಲಿಲ್ಲ. ಯಾಕೆ ಅಂತ ನಾನು ಕೇಳೋದು ಬಿಡಲ್ಲ, ತಿಳ್ಕೋ. ದಿನಾ ಕೇಳ್ತೀನಿ. ಉತ್ತರ ಕೊಡೋವರೆಗೂ ನಿನ್ನ ಬಾಗಿಲಿಂದ ಏಳಲ್ಲ." ಇನ್ನೊಂದು ಹೊಲಿಗೆ ಕಚ್ಚಿದಳು. ತುಟಿ ಸೀಳಿ ಉಪ್ಪು ರುಚಿ ಬಂತು. "ಈಗ ನೀನು ನೋಡ್ಕೋ ಹೋಗು. ನಿನಗಾದ್ರೂ ಸಿಕ್ಕಿದಾನೆ, ನೋಡ್ಕೋ."

ಕೊನೆಯ ಹೊಲಿಗೆ ತುಂಡಾದ ಮೇಲೆ ಅವಳು ಮುಸುಕಿನ ತುದಿಯನ್ನು ತ್ರೀನಾಳ ಒದ್ದೆ ಕೈಯಲ್ಲಿಟ್ಟಳು. "ಈಗ ಎಳಿ."

ಮುಸುಕು ಹಾಗೇ ಎದ್ದು ಬಂತು. ಚರ್ಚಿನ ಗಂಟೆಗಳು ಒಟ್ಟಿಗೇ ಬಾರಿಸಿದವು, ಬ್ಯಾಂಡಿನವರು ಯಾವ ರಾಗವೆಂದು ಒಬ್ಬರನ್ನೊಬ್ಬರು ಕೇಳದೆಯೇ ಶುರುಮಾಡಿದರು, ತ್ರೀನಾ ಅಳುತ್ತಲೇ ನಗುತ್ತಾ ಕಪ್ಪು ಬಟ್ಟೆಯನ್ನು ಬಾವುಟದ ಹಾಗೆ ಬೀಸಿದಳು. ಬಂಡಿಯ ಮೇಲೆ ಕಾರಿಂಗ್ ಮಾತೆಯ ಪಕ್ಕದಲ್ಲೇ ನಿಂತುಬಿಟ್ಟಿದ್ದಳು. ಇಳಿಯಲು ಯಾರೋ ಕೈ ಚಾಚಿದ್ದು ಅವಳಿಗೆ ಕಾಣಲಿಲ್ಲ. ಮಾತೆಯ ಗಾಜಿನ ಕಣ್ಣುಗಳು ಅವಳ ಕಣ್ಣಿನಷ್ಟೇ ಎತ್ತರದಲ್ಲಿದ್ದವು. ಅವು ಅವಳನ್ನು ನೋಡುತ್ತಿರಲಿಲ್ಲ. ಅವಳ ಭುಜದಾಚೆ, ರಸ್ತೆಯ ಕಡೆಗೆ ನೋಡುತ್ತಿದ್ದವು.

ಕಾರಿಂಗ್ ತಿರುಗಿ ಅತ್ತ ನೋಡಿದಳು. ಬೆಳಕು ಹರಿದಿತ್ತು. ಗಂಡಸರು ಮಗನನ್ನು ಹೊತ್ತು ಹತ್ತಿರ ಬರುತ್ತಿದ್ದರು. ಹೊರುವ ತೊಲೆಯ ಮುಂದಿನ ಎಡತುದಿಗೆ ಹೆಗಲು ಕೊಟ್ಟ ತಾಸ್ಯೊ, ಭಾರಕ್ಕೆ ಒಂದು ಕಡೆ ಬಾಗಿ, ಒದ್ದೆ ಕೆನ್ನೆ ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ, ಅವಳನ್ನೇ ನೋಡುತ್ತಾ ಹೆಜ್ಜೆ ಹಾಕುತ್ತಿದ್ದ.