ಕೌನ್ಸೆಲಿಂಗ್‌ನಲ್ಲಿ ಶೋಭಿತಾ ಮೇಡಂಗೆ ಸಿಕ್ಕ ಜಾಗ

1
ಮಿದುಳಿನಿಂದ ಶುರು ಮಾಡಲೇ, ಸೇತುವೆಯಿಂದಲೇ? ಮೊದಲ ಡ್ರಾಫ್ಟ್ ಮಿದುಳಿನಿಂದ ಶುರುವಾಗಿತ್ತು. ಎರಡನೇ ಸಾಲಿಗೇ ವಿಜ್ಞಾನದ ನೋಟ್ಸ್ ಆಯಿತು. ಹರಿದೆ. ಸೇತುವೆಯೇ ಇರಲಿ.

ಕೊತ್ತತ್ತಿ ಕಡೆಯ ನಾಲೆ ಸೇತುವೆ. ಹೋದ ವರ್ಷ ಅಲ್ಲಿ ಶೋಭಿತಾ ಮೇಡಂ ಸ್ಕೂಟರ್ ಜಾರಿ, ಹಿಂದೆ ಕೂತಿದ್ದ ಮಗಳು ತನ್ಮಯಿ ನೀರಿಗೆ ಬಿದ್ದಳು. ಬದುಕಿದಳು. (ಹೆದರಬೇಡಿ ಓದುಗರೇ, ನಾನೂ ಮಕ್ಕಳ ತಾಯಿ, ಮಗು ಸಾಯುವ ಡ್ರಾಫ್ಟ್ ನನ್ನಲ್ಲಿಲ್ಲ.) ಅಂದಿನಿಂದ ಮೇಡಂ ಸೇತುವೆ ಹತ್ತಿಲ್ಲ. ಅವರು ಪಾಠ ಮಾಡುವ ಆಚೆ ದಡದ ಶಾಲೆಗೆ ಹನ್ನೊಂದು ಕಿಲೋಮೀಟರ್ ಸುತ್ತು. ಅದಾದರೂ ಹೋಗಲಿ, ಅಮ್ಮನನ್ನು ನೋಡಿ ನೋಡಿ ಮಗಳೂ ನೀರಿಗೆ ಹೆದರಲು ಕಲಿತಳು. ಅದಕ್ಕೇ ಮೇಡಂ ಮಂಡ್ಯಕ್ಕೆ ಹೊರಟದ್ದು.

2
"ಕೌನ್ಸೆಲಿಂಗ್‌ಗೆ ಹೋಗ್ಬತ್ತೀನಿ ಅತ್ತೆ."

"ಯಾವೂರ್ ಸಿಕ್ತದೆ ಕಣಮ್ಮ? ಮದ್ದೂರ್ ಕೇಳು, ಮಳವಳ್ಳಿ ಬ್ಯಾಡ," ಎಂದರು ಅತ್ತೆ ಮಲ್ಲಿಗಮ್ಮ. ಮೇಷ್ಟರುಗಳ ಮನೆಯಲ್ಲಿ ಕೌನ್ಸೆಲಿಂಗ್ ಎಂದರೆ ವರ್ಗಾವಣೆಯೇ.

"ಟ್ರಾನ್ಸ್‌ಫರ್ ಅಲ್ಲ ಅತ್ತೆ. ಭಯಕ್ಕೆ. ಅಲ್ಲಿ ಕೂರಿಸ್ಕೊಂಡು ಮಾತಾಡಿಸ್ತಾರೆ."

"ಮಾತಾಡಕ್ಕೆ ಮಂಡ್ಯಕ್ಯಾಕವ್ವ ಓಯ್ತೀಯ? ಇಲ್ಲೇ ಕೂತ್ಕೊ, ನಾನ್ ಬೈತೀನಿ."

(ಈಕೆಯನ್ನು ವಿಲನ್ ಮಾಡುವವಳಿದ್ದೆ. ಪ್ರತಿ ವಾರ ಬಸ್‌ಸ್ಟಾಪಿನ ತನಕ ಸೊಸೆಯ ಬ್ಯಾಗ್ ಹೊತ್ತು ಬಂದು ನನ್ನ ಪ್ಲಾನ್ ಕೆಡಿಸಿದರು.)

3 (ಹರಿದು ಹಾಕಿದ ವಿಜ್ಞಾನ, ಒಂದೇ ಪ್ಯಾರಾ)
ಮಿದುಳಿನೊಳಗೆ ಬಾದಾಮಿಯಷ್ಟು ಒಂದು ಭಾಗ. ಅಪಾಯ ಕಂಡರೆ ಕೂಗುವುದು ಅದರ ಕೆಲಸ. ಥೆರಪಿ ಅದರ ಬಾಯಿ ಹೊಲಿಯುವುದಿಲ್ಲ, ಹಳೆಯ ನೆನಪನ್ನು ಅಳಿಸುವುದೂ ಇಲ್ಲ. ಓಡಿಹೋಗದೆ ನಿಂತರೆ 'ಈ ಸಲ ಏನೂ ಆಗಲಿಲ್ಲ' ಎಂಬ ಹೊಸ ಪಾಠ ಹಳೆಯದರ ಪಕ್ಕದಲ್ಲೇ ಕೂರುತ್ತದೆ. ಹಣೆಯ ಹಿಂದಿನ ಭಾಗ ಬಾದಾಮಿಗೆ 'ಸಾಕು, ಗೊತ್ತಾಯ್ತು' ಎನ್ನಲು ಕಲಿಯುತ್ತದೆ. ಬರೀ ಮಾತಿನಿಂದ ನರಗಳ ನಂಟೇ ಬದಲಾಗುತ್ತದಂತೆ! ಇಷ್ಟು ವರ್ಷ ಬರೆದೂ ಯಾರ ಹುಬ್ಬನ್ನೂ ಅಲುಗಿಸದ ನನಗೆ ಹೊಟ್ಟೆಕಿಚ್ಚು.

4
ಕೌನ್ಸೆಲಿಂಗ್‌ನ ಒಂಬತ್ತನೇ ವಾರ. ಮೇಡಂ ಸೇತುವೆಯ ನಟ್ಟನಡುವೆ. ಮೊದಲೇ ದಾಟಿದ ಮಲ್ಲಿಗಮ್ಮ ಆಚೆ ತುದಿಯಲ್ಲಿ. ಅವರ ಸೆರಗಿನಲ್ಲಿ ಮುಖ ಹುದುಗಿಸಿದ ತನ್ಮಯಿ.

ಅಂತ್ಯ ಒಂದು: ಮೇಡಂ ಓಡಿ ದಾಟಿ ಮಗಳನ್ನು ಅಪ್ಪಿಕೊಂಡರು.

ಅಂತ್ಯ ಎರಡು: ಹಿಂತಿರುಗಿ—

"ಎರಡೂ ಬೇಡ ಕಣ್ರೀ," ಮೇಡಂ ನನ್ನ ಮೇಲೆ ರೇಗಿದರು. "ಓಡಿ ದಾಟಿದ್ರೂ ಓಡಿದ ಹಾಗೇ ತಾನೆ? ಡವಡವ ಇಳಿಯೋ ತನಕ ಇಲ್ಲೇ ನಿಲ್ಬೇಕು. ನಿಮಗೇನ್ರೀ ಅರ್ಜೆಂಟು?"

(ಇದೆ. ಬೆಳಿಗ್ಗೆ ಮೂರು ಊಟದ ಡಬ್ಬಿ ಕಟ್ಟಬೇಕು.)

"ಯಾವೂರ್ ಸಿಕ್ತಮ್ಮಾ?" ಆಚೆಯಿಂದ ಮಲ್ಲಿಗಮ್ಮ ಕೂಗಿದರು.

"ಸೇತುವೆ ಮಧ್ಯ, ಅತ್ತೆ!"

"ಒಳ್ಳೆ ಜಾಗ್ವೇ ಬುಡು! ನಿಂತ್ಕೊ!"

ತನ್ಮಯಿ ಸೆರಗು ಸರಿಸಿ, ಮೊದಲ ಸಲ ನೀರನ್ನು ಬಗ್ಗಿ ನೋಡಿದಳು. ಮೇಡಂ ಎದೆ ಮತ್ತೆ ಹೊಡೆದುಕೊಂಡಿತು. ಕಾಲು ಕದಲಲಿಲ್ಲ.

ನೀವು ಬೇಕಾದರೆ ಹೊರಡಿ, ಓದುಗರೇ. ನಾನು ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ.